ಬಣ್ಣ ಆಮೇಲೆ, ಮೊದಲು ಕೊಕ್ಕು

ಧಾರವಾಡ ಸೀಮೆಯ ಹತ್ತಿ ಹೊಲಗಳಿಂದ ಹುಡುಗರು ಬೆಂಕಿಪೊಟ್ಟಣದಲ್ಲಿ ಹಿಡಿದು ತರುತ್ತಿದ್ದ ಕೆಂಪು-ಕಪ್ಪು ತಿಗಣೆಗಳನ್ನು ನಾನು ಮೊದಲು ಅಂಗಾತ ಮಲಗಿಸುತ್ತಿದ್ದೆ. ಪ್ರಾಣಿಶಾಸ್ತ್ರದ ಮಾಸ್ತರನಾಗಿ ನಾನು ಕಲಿಸಿದ ಮೊದಲ ಪಾಠವೇ ಅದು: ಬಣ್ಣ ಆಮೇಲೆ, ಮೊದಲು ತಲೆಯಡಿಯ ಕೊಕ್ಕು. ನಾಲ್ಕು ಗೆಣ್ಣಿನ ನೇರ ಕೊಕ್ಕಿದ್ದರೆ ಅದು ಹತ್ತಿಬೀಜದ ರಸ ಹೀರುವ ಕೆಂಪು ತಿಗಣೆ. ಮೂರು ಗೆಣ್ಣಿನ, ದಪ್ಪನೆಯ, ಕುಡುಗೋಲಿನಂತೆ ಬಾಗಿದ ಕೊಕ್ಕಾದರೆ ಕಾಯಿಕೊರಕ ಹುಳುವನ್ನೇ ಚುಚ್ಚಿ ಹೀರುವ ಹಂತಕ ತಿಗಣೆ; ರೈತನ ಕಡೆಯದು. ಗೆಣ್ಣು ಮೂರೇ ಇದ್ದು ಕೊಕ್ಕು ಸಪೂರವಾಗಿ, ನೇರವಾಗಿ, ತಲೆಗೆ ಒತ್ತಿಕೊಂಡಿದ್ದರೆ? ಅದು ಹಂತಕರ ಕುಟುಂಬದೊಳಗೇ ಹುಟ್ಟಿ, ಹಕ್ಕಿ, ಇಲಿ, ಮನುಷ್ಯರ ರಕ್ತಕ್ಕೆ ತಿರುಗಿದ ಟ್ರಯಾಟೊಮಿನೆ ಉಪಕುಟುಂಬದ್ದು. ಈ ಕೊಕ್ಕು, ಕುಡಿಮೀಸೆಗಳ ಓದಿಗೆ ಒಂದು ಚರಿತ್ರೆಯಿದೆ.

ಈ ಉಪಕುಟುಂಬದಲ್ಲಿ ವಿಜ್ಞಾನ ಮೊದಲು ಹೆಸರಿಟ್ಟ ಕೀಟದ ಮಾದರಿ ಹೋದದ್ದು ಏಷ್ಯಾದಿಂದ. ಸ್ವೀಡನ್ನಿನ ಚಾರ್ಲ್ಸ್ ಡಿ ಗೀರ್ 1773ರಲ್ಲಿ ಅದನ್ನು ವರ್ಣಿಸಿದ. ಇಂದು ಅದು ಟ್ರಯಾಟೊಮ ರುಬ್ರೊಫಾಸಿಯಾಟ. ಕಂದುಗಪ್ಪು ಮೈ, ಅಂಚಿಗೆ ಕೆಂಪು ಪಟ್ಟಿ. ಮನೆಯಿಲಿಯ ಬೆನ್ನು ಹತ್ತಿ ಹಡಗುಗಳಲ್ಲಿ ಸಾಗಿ, ಬಿಸಿ ನಾಡುಗಳ ಬಂದರುಗಳಲ್ಲೆಲ್ಲ ನೆಲೆಯೂರಿತು.

1909ರಲ್ಲಿ ಈ ಕೀಟಗಳು ಎರಡು ಖಂಡಗಳಲ್ಲಿ ಒಟ್ಟೊಟ್ಟಿಗೆ ಸುದ್ದಿಯಾದವು. ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಕಾಲಾ ಅಜಾರ್ ಜ್ವರವನ್ನು ಹರಡುವವರು ಯಾರೆಂದು ಹುಡುಕುತ್ತಿದ್ದ. ಅವನ ಅನುಮಾನ ಕೆಂಪಂಚಿನ ಈ ತಿಗಣೆಯ ಮೇಲೆ ಬಿತ್ತು. ಅದರ ಕರುಳಿನಲ್ಲಿ ಚಾಟಿಯಂಥ ಕಶಾಂಗವುಳ್ಳ ಸೂಕ್ಷ್ಮಜೀವಿಗಳೂ ಕಂಡವು. ಅತ್ತ ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದ ಲಾಸಾನ್ಸ್ ಎಂಬ ಊರಿನಲ್ಲಿ ಕಾರ್ಲೊಸ್ ಶಾಗಾಸ್. ರೈಲುಹಳಿ ಹಾಕುವ ಕೂಲಿಗಳ ಮಲೇರಿಯ ತಡೆಯಲು 1907ರಲ್ಲಿ ಹೋದವನಿಗೆ ರೈಲುಡಬ್ಬಿಯೇ ಮನೆ, ಅದೇ ಪ್ರಯೋಗಶಾಲೆ. ಗುಡಿಸಲುಗಳ ಮಣ್ಣಗೋಡೆಯ ಬಿರುಕುಗಳಿಂದ ರಾತ್ರಿ ಇಳಿದು ಮಲಗಿದವರ ಮುಖ ಕಚ್ಚುವ ‘ಬಾರ್ಬೇರೊ’ ತಿಗಣೆಯನ್ನು ಅವನ ಗಮನಕ್ಕೆ ತಂದವನು ರೈಲ್ವೆಯ ಇಂಜಿನಿಯರ್. ಅದರ ಕರುಳಿನಲ್ಲೂ ಕಶಾಂಗದ ಜೀವಿಗಳು! ಆ ತಿಗಣೆಗಳನ್ನು ರಿಯೊದಲ್ಲಿದ್ದ ತನ್ನ ಸಂಸ್ಥೆಯ ಮುಖ್ಯಸ್ಥ ಓಸ್ವಾಲ್ಡೊ ಕ್ರೂಝ್‌ಗೆ ಕಳಿಸಿದ. ಅಲ್ಲಿ ಅವುಗಳಿಂದ ಪುಟ್ಟ ಕೋತಿಗಳಿಗೆ ಸೋಂಕು ತಗುಲಿತು. 1909ರ ಏಪ್ರಿಲ್‌ನಲ್ಲಿ ಎರಡು ವರ್ಷದ ಬೆರೆನಿಸ್ ಎಂಬ ಮಗುವಿನ ರಕ್ತದಲ್ಲಿ ಅದೇ ಜೀವಿ ಕಂಡಿತು. ಶಾಗಾಸ್ ರೋಗ ಲೋಕಕ್ಕೆ ಗೊತ್ತಾದದ್ದು ಹೀಗೆ.

ಆ ಹೊತ್ತಿಗೆ ಮದರಾಸಿನ ತಿಗಣೆಯೂ ಲಾಸಾನ್ಸ್‌ನ ತಿಗಣೆಯೂ ಕೊನೊರೈನಸ್ ಎಂಬ ಒಂದೇ ಕುಲದಲ್ಲಿದ್ದವು. ಒಂದೇ ಕುಲ, ಒಂದೇ ನೋಟದ ಪರಾವಲಂಬಿ. ಒಂದೇ ಕೇಡೆಂದು ಯಾರಿಗಾದರೂ ತೋರಬೇಕು. ಕೇಡು ಬೇರೆಯೇ ಇತ್ತು. ಡೊನೊವನ್ ಕಂಡದ್ದು ಇಲಿಗಳ ಪರಾವಲಂಬಿ, ಟ್ರಿಪನೊಸೋಮ ಕೊನೊರೈನಿ. ಕಾಲಾ ಅಜಾರ್ ಹರಡುವುದು ಮರಳು ನೊಣವೆಂದು 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಸಾಧಿಸಿ ತೋರಿಸಿದರು. ಲಾಸಾನ್ಸ್‌ನ ತಿಗಣೆ ಮಾತ್ರ ನಿಜವಾದ ಅಪರಾಧಿ. ಅದರ ಹಿಕ್ಕೆ ಕಚ್ಚಿದ ಗಾಯಕ್ಕೋ ಕಣ್ಣಿಗೋ ತಾಗಿದರೆ ಸೋಂಕು ಒಳಸೇರುತ್ತದೆ, ವರ್ಷಗಳ ಮೇಲೆ ಕೆಲವರ ಹೃದಯವನ್ನು ಕೆಡಿಸುತ್ತದೆ.

ಎರಡನ್ನೂ ಬೇರೆ ಮಾಡಲು ಇಂದು ಸಾಮಾನ್ಯ ಭೂತಗನ್ನಡಿ ಸಾಕು. ಕುಡಿಮೀಸೆ ತಲೆಯ ಯಾವ ಜಾಗದಿಂದ ಹೊರಡುತ್ತದೆ ನೋಡಿ. ಮೋಟು ತಲೆ, ಕಣ್ಣಿಗೆ ಒತ್ತಿಕೊಂಡೇ ಮೀಸೆಯ ಬುಡ: ಪ್ಯಾನ್‌ಸ್ಟ್ರಾಂಜಿಲಸ್, ಲಾಸಾನ್ಸ್‌ನ ತಿಗಣೆ ಇಂದಿರುವ ಕುಲ. ಕಣ್ಣಿಗೂ ಮೂತಿಗೂ ನಡುವೆ ಬುಡ: ಟ್ರಯಾಟೊಮ. ಉದ್ದ ತಲೆಯ ತುದಿಯ ಹತ್ತಿರ ಬುಡ: ರೋಡ್ನಿಯಸ್. ಇಷ್ಟು ಸರಳ ಗುರುತಿನ ಹಿಂದೆ ಎಷ್ಟೋ ಜನರ ಕಣ್ಣು ಸವೆದಿದೆ. ಆರ್ತುರ್ ನೇವ ಲಾಸಾನ್ಸ್‌ನ ತಿಗಣೆಯ ಬದುಕನ್ನು ಅಭ್ಯಸಿಸಿ ಬರೆದ, 1914ರಲ್ಲಿ ಟ್ರಯಾಟೊಮ ಕುಲವನ್ನು ಪೂರ್ತಿ ಪರಿಷ್ಕರಿಸಿದ. ಅವನ ನಂತರ ಈ ಕೆಲಸ ಹೊತ್ತ ಹರ್ಮನ್ ಲೆಂಟ್‌ನನ್ನು 1970ರಲ್ಲಿ ಬ್ರೆಜಿಲಿನ ಸೇನಾ ಸರ್ಕಾರ ಇನ್ನೂ ಒಂಬತ್ತು ವಿಜ್ಞಾನಿಗಳ ಜೊತೆ ಓಸ್ವಾಲ್ಡೊ ಕ್ರೂಝ್ ಸಂಸ್ಥೆಯಿಂದ ಹೊರಹಾಕಿತು. ಆತ ತಿಗಣೆಗಳನ್ನು ಬಿಡಲಿಲ್ಲ. 1979ರಲ್ಲಿ ನ್ಯೂಯಾರ್ಕಿನ ಪೆದ್ರೊ ವಿಗೊಡ್ಜಿನ್‌ಸ್ಕಿ ಜೊತೆಗೂಡಿ ಸುಮಾರು ನಾನೂರು ಪುಟಗಳ ಪರಿಷ್ಕರಣೆಯನ್ನು ಹೊರತಂದ. ಅದರಲ್ಲಿನ ಚಿತ್ರಗಳ ಮುಂದೆ ಕೂತಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಕಣ್ಣು ಸಾಲದ ಜಾಗವೂ ಉಂಟು. ರೋಡ್ನಿಯಸ್ ಪ್ರೊಲಿಕ್ಸಸ್ ಮನೆಗಳಲ್ಲಿ ರೋಗ ಹರಡುವುದು. ರೋಡ್ನಿಯಸ್ ರೊಬಸ್ಟಸ್ ಅಮೆಜಾನಿನ ತಾಳೆಯ ಜಾತಿಯ ಮರಗಳಲ್ಲಿರುವುದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಪಳಗಿದವರೂ ತಡವರಿಸುತ್ತಾರೆ. ಮರದ್ದೂ ಮನೆಯದೂ ಒಂದೇ ಆಗಿದ್ದರೆ ಗೋಡೆಗೆ ಔಷಧ ಹೊಡೆದು ಫಲವೇನು? ಮರದಿಂದ ಮತ್ತೆ ಇಳಿದು ಬರುತ್ತದೆ. ಗಂಡು ಕೀಟದ ಜನನಾಂಗದ ರಚನೆಯನ್ನೂ ಅಳೆದು ನೋಡಿದರು. ಕಡೆಗೆ 2003ರ ಹೊತ್ತಿಗೆ ಡಿಎನ್‌ಎ ಅವೆರಡು ಬೇರೆಯೆಂದು ಹೇಳಿತು. ಮಧ್ಯ ಅಮೆರಿಕದಲ್ಲಿ ಪ್ರೊಲಿಕ್ಸಸ್‌ಗೆ ಮನೆಗಳೇ ನೆಲೆ, ಕಾಡಿನ ಆಸರೆಯಿಲ್ಲ. ಆದ್ದರಿಂದಲೇ ಅಲ್ಲಿ ಗೋಡೆಗಳಿಗೆ ಹೊಡೆದ ಔಷಧ ಕೆಲಸ ಮಾಡಿತು.

ನಮ್ಮದೇ ಇನ್ನೊಂದು ಕುಲವಿದೆ: ಲಿನ್ಷ್‌ಕೋಸ್ಟಿಯಸ್. ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಲಂಡನ್ನಿನ ಚರ್ಮ ಹದಮಾಡುವ ಕಾರ್ಖಾನೆಯೊಂದರಲ್ಲಿ ದುಡಿದು ಬದುಕಿದ ವಿಲಿಯಂ ಡಿಸ್ಟಂಟ್ 1904ರಲ್ಲಿ ಅದಕ್ಕೆ ಹೆಸರಿಟ್ಟ. 1976ರಲ್ಲಿ ಘೌರಿ ಎರಡು ಪ್ರಭೇದಗಳನ್ನು ಸೇರಿಸಿದ, 1979ರಲ್ಲಿ ಲೆಂಟ್, ವಿಗೊಡ್ಜಿನ್‌ಸ್ಕಿ ಛೋಟ ಮತ್ತು ಕಾಳಿಯನ್ನು, 2002ರಲ್ಲಿ ಕರುಪಸ್ ಬಂದು ಆರಾಯಿತು. ಈ ಉಪಕುಟುಂಬದ ಉಳಿದ ತಿಗಣೆಗಳಿಗೆ ಮುಂಗಾಲುಗಳ ನಡುವೆ, ಎದೆಯಡಿಯಲ್ಲಿ ಗೀರುಗೀರಾದ ಒಂದು ಸಣ್ಣ ತೋಡಿರುತ್ತದೆ. ಕೊಕ್ಕಿನ ತುದಿಯನ್ನು ಅದಕ್ಕೆ ಉಜ್ಜಿ ಸದ್ದು ಮಾಡುತ್ತವೆ. ಲಿನ್ಷ್‌ಕೋಸ್ಟಿಯಸ್‌ಗೆ ಆ ತೋಡಿಲ್ಲ. ಕೊಕ್ಕೂ ಗಿಡ್ಡ, ಎದೆಯನ್ನು ಮುಟ್ಟುವುದಿಲ್ಲ.

ಅಂಥ ತಿಗಣೆ ಕಣ್ಣಿಗೆ ಬಿದ್ದರೆ ಹೊಸಕಿ ಹಾಕಬೇಡಿ, ಬರಿಗೈಯಲ್ಲಿ ಹಿಡಿಯಲೂ ಬೇಡಿ. ಡಬ್ಬಿಯಲ್ಲಿ ಹಾಕಿ, ಊರು, ತಾರೀಖು, ಯಾವ ಕಲ್ಲಿನಡಿ ಅಥವಾ ಯಾವ ಗೋಡೆಯಲ್ಲಿ ಸಿಕ್ಕಿತೆಂಬುದನ್ನು ಪೆನ್ಸಿಲ್ಲಿನಲ್ಲಿ ಚೀಟಿಗೆ ಬರೆದು ಜೊತೆಗಿಡಿ, ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಮುಟ್ಟಿಸಿ.