ತಕ್ಷಣದ ಕಾರಣ, ಮೂಲ ಕಾರಣ: ಕಾರಿನ ಕಿಟಕಿ ಕಲಿಸಿದ ಪಾಠ

ಪ್ರೌಢಶಾಲೆಯಲ್ಲಿ ನನ್ನಿಂದ ಇತಿಹಾಸ ಕಲಿತವರಿಗೆ 1857ರ ಪಾಠ ನೆನಪಿರಬಹುದು. ಕೊಬ್ಬು ಸವರಿದ ತೋಟೆಗಳು ದಂಗೆಗೆ ತಕ್ಷಣದ ಕಾರಣ. ಮೂಲ ಕಾರಣಗಳು ಅದಕ್ಕಿಂತ ಬಹಳ ಹಿಂದಿನವು, ಬಹಳ ಆಳದವು ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ಎರಡು ಭಾಗ ಮಾಡಿ ಬರೆಸುತ್ತಿದ್ದೆ. ಆ ಪಾಠವನ್ನು ನಾನೇ ಮರೆತಿದ್ದೆನೆಂಬುದು ಕಳೆದ ಮಳೆಗಾಲದಲ್ಲಿ ನನಗೆ ಮನವರಿಕೆಯಾಯಿತು. ಅದನ್ನು ಮಾಡಿಸಿದ್ದು ನಮ್ಮ ಹಳೆಯ ಕಾರಿನ ಹಿಂಬದಿಯ ಎಡಗಡೆಯ ಕಿಟಕಿ.

ಒಂದು ಸಂಜೆ ಆ ಕಿಟಕಿಯ ಗಾಜು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಹೊರಗೆ ಮಳೆ. ಮೊಮ್ಮಗನು ಸದಾ ಆ ಸ್ವಿಚ್ಚಿನೊಡನೆ ಆಡುತ್ತಿದ್ದನಾದ್ದರಿಂದ, ಕೆಡಿಸಿದವನು ಅವನೇ ಎಂದು ತೀರ್ಮಾನಿಸಿ ಗದರಿದೆ. ಹುಡುಗ ಅಳುತ್ತಾ ಒಳಗೆ ಹೋದ. ಮರುದಿನ ಆ ಬಾಗಿಲಿಗೆ ಹೊಸ ಸ್ವಿಚ್ಚು ಹಾಕಿಸಿದ್ದೂ ಆಯಿತು. ಗಾಜು ಮಾತ್ರ ಕದಲಲಿಲ್ಲ.

ಈ ಸ್ವಿಚ್ಚಿಗೂ ಒಂದು ಇತಿಹಾಸವುಂಟು. ನಮ್ಮ ತಲೆಮಾರಿನವರು ಕಂಡ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಕೈಯಿಂದ ಹಿಡಿಕೆ ತಿರುಗಿಸಿ ಗಾಜನ್ನು ಏರಿಸಬೇಕಿತ್ತು. ಆದರೆ ಅಮೆರಿಕದಲ್ಲಿ 1940ರಷ್ಟು ಹಿಂದೆಯೇ ಪ್ಯಾಕಾರ್ಡ್ ಕಂಪನಿಯು ತನ್ನ ದುಬಾರಿ ಕಾರಿನಲ್ಲಿ ಗುಂಡಿ ಅದುಮಿದರೆ ಚಲಿಸುವ ಕಿಟಕಿಗಳನ್ನು ನೀಡಿತ್ತು. ಅಲ್ಲಿ ಗಾಜನ್ನು ಎತ್ತುತ್ತಿದ್ದುದು ನೇರವಾಗಿ ವಿದ್ಯುತ್ತಲ್ಲ. ವಿದ್ಯುತ್ತಿನಿಂದ ನಡೆಯುವ ಪಂಪೊಂದು ದ್ರವಕ್ಕೆ ಒತ್ತಡ ಕೊಡುತ್ತಿತ್ತು, ಆ ಒತ್ತಡವು ಗಾಜನ್ನು ಎತ್ತುತ್ತಿತ್ತು. ಅಂಥ ಕೊಳವೆಗಳು ಸೋರಿದರೆ ಬಾಗಿಲೇ ಹಾಳು. 1951ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ದ್ರವದ ಗೊಡವೆಯಿಲ್ಲದೆ ಕೇವಲ ವಿದ್ಯುತ್ ಮೋಟಾರಿನಿಂದ ಚಲಿಸುವ ಕಿಟಕಿಗಳು ಬಂದವು. ಇಂದಿನ ನಮ್ಮ ಕಿಟಕಿಗಳು ಆ ಸಂತತಿಗೆ ಸೇರಿದವು.

ಸೌಕರ್ಯದ ಜೊತೆಗೆ ಅಪಾಯವೂ ಬಂದಿತು. ಅದುಮಿದರೆ ಗಾಜು ಮೇಲೇರುವಂತಹ ಸ್ವಿಚ್ಚುಗಳು ಅನೇಕ ಕಾರುಗಳ ಬಾಗಿಲ ಕೈಯಾಸರೆಯ ಮೇಲಿದ್ದವು. ಕಿಟಕಿಯಿಂದ ತಲೆ ಹೊರಹಾಕಿದ ಮಗುವಿನ ಮೊಣಕಾಲು ಅದರ ಮೇಲೆ ಊರಿದರೆ ಗಾಜು ಕೊರಳಿಗೇ ಬರುತ್ತಿತ್ತು. ಹೀಗೆ ಮಕ್ಕಳು ಪ್ರಾಣ ಕಳೆದುಕೊಂಡದ್ದುಂಟು. ಕೀಲಿ ತಿರುಗಿಸದೆ ಗಾಜು ಮೇಲೇರದಂತೆ ತಡೆಯುವ ನಿಯಮವು ಅಮೆರಿಕದಲ್ಲಿ 1971ರಲ್ಲಿ ಜಾರಿಗೆ ಬಂದಿತಾದರೂ ಅಷ್ಟು ಸಾಲಲಿಲ್ಲ. ಮಗುವಿನ ತುಂಟತನ, ಹೆತ್ತವರ ಅಜಾಗ್ರತೆ ಇವು ತಕ್ಷಣದ ಕಾರಣಗಳು. ಮೂಲ ಕಾರಣವು ಸ್ವಿಚ್ಚಿನ ಆಕಾರದಲ್ಲಿಯೇ ಇತ್ತು. 2005ರಲ್ಲಿ ಅಲ್ಲಿನ ಸಂಸತ್ತು ಶಾಸನ ಮಾಡಿತು. ಅದರಂತೆ, 2010ರ ಅಕ್ಟೋಬರ್‌ನಿಂದ ತಯಾರಾಗುವ ಕಾರುಗಳಲ್ಲಿ ಗಾಜು ಮೇಲೇರಬೇಕಾದರೆ ಸ್ವಿಚ್ಚನ್ನು ಬೆರಳಿನಿಂದ ಮೇಲಕ್ಕೆ ಎಳೆಯಲೇಬೇಕೆಂಬ ನಿಯಮವಾಯಿತು. ಮೊಣಕಾಲು ಅದುಮಬಲ್ಲದು, ಎಳೆಯಲಾರದು!

ನಮ್ಮ ಕಾರಿನ ವಿಷಯಕ್ಕೆ ಮರಳುತ್ತೇನೆ. ಕೊನೆಗೆ ಅದನ್ನು ನೋಡಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ವಾಹನಗಳ ವಿದ್ಯುತ್ ಕೆಲಸ ಮಾಡುತ್ತಾನೆ. ಸಮಾಜ ವಿಜ್ಞಾನದಲ್ಲಿ ಎರಡು ಬಾರಿ ಅನುತ್ತೀರ್ಣನಾದವನು. ಅವನು ಮೊದಲು ಫ್ಯೂಸು ನೋಡಿದ, ಸರಿಯಿತ್ತು. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಕಾರಿನ ಲೋಹದ ಮೈಗೆ ಸಿಕ್ಕಿಸಿ, ಇನ್ನೊಂದನ್ನು ಹಿಂಬಾಗಿಲ ಸ್ವಿಚ್ಚಿಗೆ ಬರುವ ತಂತಿಗೆ ಮುಟ್ಟಿಸಿದ, ದೀಪ ಹೊತ್ತಿತು. "ಸಾರ್, ಕರೆಂಟು ಬರುತ್ತಿದೆ. ಹಿಂದಿರುಗಿ ಹೋಗಲು ದಾರಿ ಇಲ್ಲ" ಎಂದ.

ಅವನು ವಿವರಿಸಿದ್ದು ಹೀಗೆ. ಮೋಟಾರಿಗೆ ಎರಡು ತಂತಿ. ಒಂದರಲ್ಲಿ ವಿದ್ಯುತ್ ಬಂದು ಇನ್ನೊಂದರಲ್ಲಿ ಮರಳಿದರೆ ಗಾಜು ಏರುತ್ತದೆ. ದಿಕ್ಕು ಬದಲಾದರೆ ಇಳಿಯುತ್ತದೆ. ಇಂತಹ ಹಳೆಯ ಕಾರುಗಳು ಹಲವದರಲ್ಲಿ ಹಿಂಬಾಗಿಲ ಮೋಟಾರಿನ ಮರಳುವ ದಾರಿಯು ಚಾಲಕನ ಬಾಗಿಲಿನ ಮುಖ್ಯ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಮುಂದೆ ಕೆಟ್ಟರೆ ಹಿಂದೆ ನಿಲ್ಲುತ್ತದೆ. ಮುಖ್ಯ ಸ್ವಿಚ್ಚನ್ನು ಬಿಚ್ಚಿದಾಗ ಒಳಗಿನ ತಾಮ್ರದ ಸಂಪರ್ಕಗಳು ಕಿಡಿಯಿಂದ ಸುಟ್ಟು ಕಪ್ಪಾಗಿದ್ದವು. ಬ್ಯಾಟರಿಯ ತಂತಿ ಕಳಚಿಟ್ಟು, ನುಣುಪಾದ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಿ ಜೋಡಿಸಿದ. ಗಾಜು ಚಲಿಸಿತು, ಆದರೆ ನರಳುತ್ತಾ.

"ಇನ್ನೂ ಮೂಲ ಕಾರಣ ಸಿಕ್ಕಿಲ್ಲ ಸಾರ್" ಎಂದು ನಕ್ಕ. ಗಾಜು ಜಾರುವ ರಬ್ಬರಿನ ಕಾಲುವೆ ಒಣಗಿ ಬಿಗಿದಿತ್ತು. ಗಾಜು ಬಿಗಿಯಾದಷ್ಟೂ ಮೋಟಾರು ಹೆಚ್ಚು ವಿದ್ಯುತ್ ಎಳೆಯುತ್ತದೆ. ಸ್ವಿಚ್ಚಿನಲ್ಲಿ ಕಿಡಿಯೂ ಹೆಚ್ಚುತ್ತದೆ. ಧೂಳು ಒರೆಸಿ ಸಿಲಿಕೋನ್ ಸಿಂಪಡಿಸಿದ ಮೇಲೆ ಗಾಜು ಸರಾಗವಾಗಿ ಏರಿತು. ಆಮೇಲೆ ಮೆಲ್ಲಗೆ ಕೇಳಿದ: "ಗಾಜು ಪೂರ್ತಿ ಮುಚ್ಚಿದ ಮೇಲೂ ಗುಂಡಿಯನ್ನು ಒತ್ತಿಹಿಡಿಯುವ ಅಭ್ಯಾಸ ಯಾರಿಗಿದೆ ಸಾರ್?"

ಆ ಅಭ್ಯಾಸ ನನ್ನದೇ. ಮೊಮ್ಮಗ ತೆರೆದ ಕಿಟಕಿಯನ್ನು ಚಾಲಕನ ಆಸನದಿಂದ ಮುಚ್ಚುತ್ತಿದ್ದವನು, ಖಾತ್ರಿಗಾಗಿ ಇನ್ನಷ್ಟು ಅದುಮುತ್ತಿದ್ದವನು ನಾನು.

ಅಂದು ರಾತ್ರಿ ಮೊಮ್ಮಗನನ್ನು ಕರೆದು, ತಪ್ಪು ನನ್ನದೆಂದು ಹೇಳಿದೆ. ಅವನು ಆಗಲೇ ಅದನ್ನು ಮರೆತಿದ್ದ. ನನಗೆ ಮಾತ್ರ ಬೇರೆ ಮುಖಗಳು ನೆನಪಾದವು. ತಡವಾಗಿ ಬಂದರೆಂದು ತರಗತಿಯ ಹೊರಗೆ ನಿಲ್ಲಿಸಿದ ಮಕ್ಕಳು. ಅವರಲ್ಲಿ ಎಷ್ಟು ಮಂದಿ ಮನೆಯಲ್ಲಿ ನೀರು ಹೊತ್ತು, ದನಗಳಿಗೆ ಹುಲ್ಲು ಹಾಕಿ ಬಂದಿದ್ದರೋ ನಾನು ಕೇಳಲಿಲ್ಲ. ಹೊರಗೆ ನಿಂತವರಲ್ಲಿ ಈ ಕಿಟಕಿ ಸರಿಪಡಿಸಿದವನೂ ಒಬ್ಬ. ಪರೀಕ್ಷೆಯಲ್ಲಿ ನಾನು ಅವನಿಗೆ ಅಂಕ ಕೊಡಲಿಲ್ಲ. ಪಾಠವನ್ನು ಮಾತ್ರ ಅವನು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದ.