ಮುತ್ತಿಗೆಯ ನಡುವೆ ಒಂದು ಕ್ರಯಪತ್ರ



ಪ್ರವಾದಿ ಎಂದೊಡನೆ ನಮ್ಮ ಮನಸ್ಸಿಗೆ ಬರುವವನು ಮುಂದಾಗುವುದನ್ನು ಹೇಳುವ ಜೋಯಿಸ. ಯೆಹೂದ್ಯರ ಪ್ರವಾದಿ ಬೇರೆ ಬಗೆಯವನು. ಕಣ್ಣೆದುರು ನಡೆಯುತ್ತಿರುವುದನ್ನು ಅರಸನ ಮುಖಕ್ಕೇ ಹೇಳುವುದು ಅವನ ಮೊದಲ ಕೆಲಸ. ನಾಳೆಯ ಮಾತು ಅದರ ಹಿಂದೆ ಬರುತ್ತದೆ. ಇಂಥವರಲ್ಲಿ ಯೆರೆಮೀಯನಷ್ಟು ಕಡುಗತ್ತಲೆಯನ್ನು ಕಂಡವರು ವಿರಳ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು, ತರುಣ ದೊರೆ ಯೆಹೋಯಾಖೀನನನ್ನೂ ಅಧಿಕಾರಿಗಳನ್ನೂ ಕಮ್ಮಾರರನ್ನೂ ಸೆರೆಯೊಯ್ದನು. ಅವರು ಮರಳುವುದೆಂದು? ಹನನ್ಯನೆಂಬ ಪ್ರವಾದಿ 2 ವರ್ಷವೆಂದನು. ಯೆರೆಮೀಯನು 70 ಎಂದನು. ವೈದ್ಯನಾದ ನನಗೆ ಇಬ್ಬರೂ ಪರಿಚಿತರಂತೆಯೇ ತೋರುತ್ತಾರೆ. ರೋಗಿಯ ಮನೆಯವರು ಕೇಳಬಯಸುವುದನ್ನು ಹೇಳಿಬಿಡುವುದು ಸುಲಭ. ಆದರೆ ಆ ಮಾತು ಸುಳ್ಳಾದ ದಿನ ನಂಬಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ 70ರ ಲೆಕ್ಕವನ್ನು ಎಲ್ಲಿಂದ ಹಿಡಿಯಬೇಕೆಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ನನಗೆ ಕಾಣುವ ಅರ್ಥ ಇಷ್ಟೆ: ಕೇಳುತ್ತಿರುವವನು ಮರಳಲಾರ, ಅವನ ಮೊಮ್ಮಗ ಮರಳಬಹುದು.

ಆದುದರಿಂದಲೇ ಅವನು ಸೆರೆಯಾಳುಗಳಿಗೆ ಬರೆದ ಪತ್ರ ವಿಚಿತ್ರವಾದುದು. ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ಸಾರ. ನಮ್ಮಲ್ಲಿ ಹಲವರು ಇದನ್ನು ತಮಗೇ ಬರೆದುದೆಂದು ಭಾವಿಸಬಹುದು. ನಾವು ವೀಸಾ ಪಡೆದು ಇಷ್ಟಪಟ್ಟು ಬಂದವರು, ಅವರು ಸೆರೆಯಾಗಿ ಹೋದವರು ಎಂಬ ಅಂತರವನ್ನು ಮರೆಯಲಾಗದು.

ಪತ್ರದ ಮಾತು ವ್ಯರ್ಥವಾಗಲಿಲ್ಲ. ಬಾಬಿಲೋನಿನ ಅರಮನೆಯ ಅವಶೇಷಗಳಲ್ಲಿ ದೊರೆತು, 1939ರಲ್ಲಿ ಎರ್ನ್‌ಸ್ಟ್ ವೈಡ್ನರ್ ಪ್ರಕಟಿಸಿದ ಮಣ್ಣಿನ ಫಲಕಗಳಲ್ಲಿ ಯೆಹೋಯಾಖೀನನಿಗೂ ಅವನ ಐವರು ಗಂಡುಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. 2014ರಲ್ಲಿ ಪ್ರಕಟವಾದ ಇನ್ನಷ್ಟು ಫಲಕಗಳಲ್ಲಿ ಬಾಬಿಲೋನಿಯದ ಅಲ್-ಯಾಹೂದು ಎಂಬ ಊರಿನ ಹೆಸರು ಬರುತ್ತದೆ. ಯೆಹೂದದ ಊರು ಎಂದೇ ಅದರ ಅರ್ಥ. ಅವುಗಳಲ್ಲಿ ಅತಿ ಹಳೆಯದು ಕ್ರಿ.ಪೂ. 572ರದು. ಬಾರ್ಲಿ, ಖರ್ಜೂರ, ಸಾಲ, ಗೇಣಿ ಇವೇ ಅಲ್ಲಿಯ ವಿಷಯ. ಅಳುತ್ತ ಕುಳಿತವರ ದಾಖಲೆಗಳಲ್ಲ ಅವು.

ಇತ್ತ ಯೆರೂಸಲೇಮಿನ ಕೊನೆಯ ಮುತ್ತಿಗೆ ಆರಂಭವಾಗಿತ್ತು. ಶರಣಾಗಿರಿ ಎಂದುದಕ್ಕಾಗಿ ಯೆರೆಮೀಯನನ್ನು ದ್ರೋಹಿಯೆಂದು ಕರೆದು ಅರಮನೆಯ ಕಾವಲಂಗಳದಲ್ಲಿ ಇರಿಸಿದ್ದರು. ಕೆಸರು ತುಂಬಿದ ಹಾಳುಬಾವಿಗೂ ಒಮ್ಮೆ ಇಳಿಸಿದರು. ಹಾಗೆ ಮಾಡಿಸಿದ ಅಧಿಕಾರಿಗಳ ಪೈಕಿ ಇಬ್ಬರ ಹೆಸರುಳ್ಳ ಮಣ್ಣಿನ ಮುದ್ರೆಗಳು 2005 ಮತ್ತು 2008ರಲ್ಲಿ ಯೆರೂಸಲೇಮಿನಲ್ಲಿಯೇ ಅಗೆತದಲ್ಲಿ ಸಿಕ್ಕಿವೆ.

ಆ ಕಾವಲಂಗಳಕ್ಕೆ ದಾಯಾದಿ ಹನಮೇಲನು ಬಂದು, ಅನಾತೋತಿನ ಹೊಲವನ್ನು ಕೊಂಡುಕೊ, ಹಕ್ಕು ನಿನ್ನದು ಎಂದನು. ಅನಾತೋತ್ ನಗರದಿಂದ ಐದು ಕಿಲೋಮೀಟರಿನಷ್ಟು ದೂರದಲ್ಲಿದ್ದು, ಸುತ್ತಲೂ ಶತ್ರುಸೈನ್ಯವಿತ್ತು. ಅಂಥ ಹೊಲಕ್ಕೆ ಯಾರು ಬೆಲೆ ಕೊಟ್ಟಾರು? ಯೆರೆಮೀಯನು 17 ಶೆಕೆಲ್, ಅಂದರೆ ಹೆಚ್ಚುಕಡಿಮೆ 190 ಗ್ರಾಂ, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟನು. ಸಾಕ್ಷಿಗಳು ರುಜು ಹಾಕಿದರು. ಮುದ್ರೆಯೊತ್ತಿದ ಪ್ರತಿ ಒಂದು, ತೆರೆದ ಪ್ರತಿ ಇನ್ನೊಂದು. ಎರಡನ್ನೂ ಬಹುಕಾಲ ಉಳಿಯುವಂತೆ ಮಡಕೆಯಲ್ಲಿಡಲು ಲೇಖಕ ಬಾರೂಕನಿಗೆ ಹೇಳಿದನು. ನಗರವು ಬೀಳುತ್ತದೆ ಎಂದು ಸಾರುತ್ತಿದ್ದವನೇ ಈ ಹೊಲವನ್ನು ಕೊಂಡವನು. ಇದೇ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ.

ಕ್ರಿ.ಪೂ. 587ರಲ್ಲಿ (ಕೆಲವರ ಎಣಿಕೆಯಂತೆ 586) ನಗರವೂ ದೇವಾಲಯವೂ ಸುಟ್ಟುಹೋದವು. ಯೆರೆಮೀಯನನ್ನು ಅವನ ಜನರೇ ಈಜಿಪ್ಟಿಗೆ ಎಳೆದೊಯ್ದರು. ಅವನು ಮರಳಿದನೆಂದು ಬೈಬಲ್ಲು ಎಲ್ಲಿಯೂ ಹೇಳುವುದಿಲ್ಲ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು ಬಾಬಿಲೋನನ್ನು ಗೆದ್ದು, ಸೆರೆಯಾಳುಗಳಿಗೆ ಊರಿಗೆ ಹೋಗಲು ಅನುಮತಿಯಿತ್ತನು. ಮರಳಿದವರ ಪಟ್ಟಿಯೊಂದು ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಊರೂರಿನ ಲೆಕ್ಕದ ನಡುವೆ ಅನಾತೋತಿನವರ ಸಂಖ್ಯೆಯೂ ಬರುತ್ತದೆ: 128.