ಎದೆಗೊತ್ತಿದ ಹಲಗೆಯೊಳಗಿನ ಬೆಳಕು

ಗಲ್ಫ್‌ಗೆ ಹೊರಡುವ ಮುಂಚೆ ಮುಂಬೈಯಲ್ಲೋ ಮಂಗಳೂರಿನಲ್ಲೋ ‘ಮೆಡಿಕಲ್’ ಮಾಡಿಸದವರು ನಮ್ಮಲ್ಲಿ ಯಾರಿದ್ದಾರೆ? ಅಂಗಿ ಬಿಚ್ಚಿ, ತಣ್ಣಗಿನ ಹಲಗೆಗೆ ಎದೆಯೊತ್ತಿ, ಉಸಿರು ಬಿಗಿಹಿಡಿದು ನಿಂತದ್ದು ಎಲ್ಲರಿಗೂ ನೆನಪಿರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಆ ಹಲಗೆಯೊಳಗೆ ಇರುವುದು ಎಕ್ಸ್ ಕಿರಣ ತಾಗಿದೊಡನೆ ಬೆಳಕು ಸೂಸುವ ಲೋಹದ ಲವಣ. ಅದಕ್ಕೊಂದು ಚರಿತ್ರೆಯಿದೆ.

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ಪ್ರೊಫೆಸರ್ ರಾಂಟ್‌ಜನ್, ವಿದ್ಯುತ್ ಹಾಯುವ ಗಾಜಿನ ಕೊಳವೆಗೆ ಕಪ್ಪು ರಟ್ಟು ಸುತ್ತಿದ್ದರು. ಆದರೂ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಪ್ಲಾಟಿನೋಸಯನೈಡ್ ಬಳಿದ ಪರದೆ ಕತ್ತಲಲ್ಲಿ ಮಿನುಗಿತು. ಕಣ್ಣಿಗೆ ಕಾಣದ ಕಿರಣವನ್ನು ತೋರಿಸಿಕೊಟ್ಟದ್ದು ಆ ಲವಣ. ರಾಂಟ್‌ಜನ್ ಪೇಟೆಂಟ್ ಪಡೆಯಲಿಲ್ಲ.

ಆದರೆ ಪ್ಲಾಟಿನಂ ದುಬಾರಿ. 1896ರಲ್ಲಿ ಅಮೆರಿಕದ ಎಡಿಸನ್ ನೂರಾರು ರಾಸಾಯನಿಕಗಳನ್ನು ಪರೀಕ್ಷಿಸಿ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಆರಿಸಿದರು. ಸೋಡಿಯಂ ಟಂಗ್‌ಸ್ಟೇಟ್ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಬಿಳಿ ಪುಡಿ ತಳದಲ್ಲಿ ಕೂರುತ್ತದೆ. ಫಾರ್ಮಸಿ ಡಿಪ್ಲೊಮಾದ ಹುಡುಗರೂ ಮಾಡಬಲ್ಲರು. ಕಷ್ಟವಿರುವುದು ಮುಂದೆ. ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ ಹರಳುಗಟ್ಟಿಸದಿದ್ದರೆ ಹೊಳಪು ಮಂಕು. ಕಲಬೆರಕೆಯಿದ್ದರೂ ಅಷ್ಟೇ.

ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡಾಲಿ ಗಾಜು ಊದುವ ಕೆಲಸಗಾರ. ಕೊಳವೆ, ಪರದೆ ಸರಿಯಿವೆಯೇ ಎಂದು ನೋಡಲು ತನ್ನ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದ. ಚರ್ಮ ಸುಟ್ಟಿತು, ಕ್ಯಾನ್ಸರ್ ಹತ್ತಿತು, ಎರಡೂ ತೋಳು ಕತ್ತರಿಸಿದರೂ ಉಳಿಯಲಿಲ್ಲ. 1904ರಲ್ಲಿ ತೀರಿಕೊಂಡಾಗ ವಯಸ್ಸು 39. ಎಡಿಸನ್ ಎಕ್ಸ್ ಕಿರಣದ ಕೆಲಸವನ್ನೇ ಕೈಬಿಟ್ಟರು. ಪುಸ್ತಕಗಳಲ್ಲಿ ಎಡಿಸನ್ ಹೆಸರು ದೊಡ್ಡದಾಗಿ ಇರುತ್ತದೆ, ಡಾಲಿಯದು ಎಲ್ಲೋ ಒಂದು ಸಾಲಿನಲ್ಲಿ.

ಕಿರಣದ ಪ್ರಮಾಣ ಅಳೆಯಲು ಆಗ ಸರಿಯಾದ ಸಾಧನವೇ ಇರಲಿಲ್ಲ. ಡಾಲಿ ಸತ್ತ ವರ್ಷವೇ ಪ್ಯಾರಿಸ್ಸಿನಲ್ಲಿ, ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್ ಕಿರಣದ ಚಿಕಿತ್ಸೆ ಕೊಡುತ್ತಿದ್ದ ಡಾ. ಸಬೂರೋ ಒಂದು ಉಪಾಯ ಕಂಡುಕೊಂಡರು. ರಾಂಟ್‌ಜನ್ನರ ಪರದೆಯ ಅದೇ ಬೇರಿಯಂ ಲವಣದ ಪುಟ್ಟ ಬಿಲ್ಲೆ! ಕಿರಣ ತಾಗಿದಂತೆ ಅದು ಹಸಿರಿನಿಂದ ಕಂದಿಗೆ ತಿರುಗುತ್ತಿತ್ತು. ಮಾದರಿ ಬಣ್ಣಕ್ಕೆ ಬಂದೊಡನೆ ಕಿರಣ ನಿಲ್ಲಿಸುವುದು. ಔಷಧದ ಡೋಸ್ ಲೆಕ್ಕ ಹಾಕಿಯೇ ದಿನ ಕಳೆಯುವ ನನಗೆ ಇಡೀ ಚರಿತ್ರೆಯಲ್ಲಿ ಬಹಳ ಹಿಡಿಸಿದ ಭಾಗ ಇದು.

ಎಕ್ಸ್ ಕಿರಣಕ್ಕೆ ಫಿಲ್ಮ್ ಮಂದ, ಬೆಳಕಿಗೆ ಚುರುಕು. ಹಾಗಾಗಿ ಫಿಲ್ಮಿಗೆ ತಾಗಿಸಿ ಟಂಗ್‌ಸ್ಟೇಟ್ ಪರದೆ ಇಟ್ಟರೆ ಕಡಿಮೆ ಕಿರಣದಲ್ಲೇ ಚಿತ್ರ ಮೂಡುತ್ತದೆ. 1896ರಲ್ಲೇ ನ್ಯೂಯಾರ್ಕಿನಲ್ಲಿ ಪುಪಿನ್ ಇದನ್ನು ತೋರಿಸಿದ್ದರು. 1970ರ ದಶಕದವರೆಗೂ ಆಸ್ಪತ್ರೆಗಳಲ್ಲಿ ಟಂಗ್‌ಸ್ಟೇಟಿನದೇ ಕಾರುಬಾರು. ಆಮೇಲೆ ಇನ್ನೂ ಹೆಚ್ಚು ಹೊಳೆಯುವ ಗ್ಯಾಡೊಲಿನಿಯಂ ಲವಣ ಬಂತು. ಈಗಿನ ಡಿಜಿಟಲ್ ಹಲಗೆಗಳಲ್ಲಿ ಸೂಜಿಯಂಥ ಹರಳುಗಳ ಸೀಸಿಯಂ ಅಯೋಡೈಡ್ ಇರುತ್ತದೆ, ಹೊಳಪಿಗೆಂದು ಚೂರೇ ಚೂರು ಥ್ಯಾಲಿಯಂ ಬೆರೆಸಿ. ಹೌದು, ಹಿಂದೆ ಇಲಿಪಾಷಾಣಕ್ಕೆ ಹಾಕುತ್ತಿದ್ದ ಅದೇ ಥ್ಯಾಲಿಯಂ.